ಓದುಗರ ಪ್ರಶ್ನೆ: ಕಾವಲುಗಾರರ ಗಸ್ತಿಗೆ ಎಲೆಕ್ಟ್ರಾನಿಕ್ ದಾಖಲೆ

ಪ್ರಶ್ನೆ: ನಮ್ಮ ಗೋದಾಮಿನಲ್ಲಿ ರಾತ್ರಿ ಪಾಳಿಯ ಕಾವಲುಗಾರರು ಗಂಟೆಗೊಮ್ಮೆ ಸುತ್ತು ಹಾಕಿ, ಪುಸ್ತಕದಲ್ಲಿ ಸಮಯ ಬರೆದು ಸಹಿ ಮಾಡಬೇಕೆಂಬ ನಿಯಮವಿದೆ. ಬೆಳಿಗ್ಗೆ ನೋಡಿದರೆ ಇಡೀ ರಾತ್ರಿಯ ಸಹಿಗಳನ್ನು ಒಮ್ಮೆಲೇ ಹಾಕಿದಂತೆ ಕಾಣುತ್ತದೆ. ಕ್ಯೂಆರ್ ಕೋಡ್, ಟ್ಯಾಗ್ ಓದುವ ಯಂತ್ರ, ಜಿಪಿಎಸ್ ಇರುವ ಆ್ಯಪ್ ಎಂದು ಮಾರಾಟಗಾರರು ಹಲವು ಬಗೆಗಳನ್ನು ಮುಂದಿಡುತ್ತಿದ್ದಾರೆ. ಮೋಸಕ್ಕೆ ಎಡೆಯಿಲ್ಲದ್ದು ಯಾವುದು?

ಉತ್ತರ: ನಿಮ್ಮ ಅನುಮಾನ ಹೊಸದಲ್ಲ. ಜರ್ಮನಿಯ ಶ್ವೆನ್ನಿಂಗನ್ ಊರಿನ ಯೋಹಾನೆಸ್ ಬ್ಯುರ್ಕ್ 1855ರಲ್ಲಿ, ಕಾವಲುಗಾರನು ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ಗಡಿಯಾರವೊಂದಕ್ಕೆ ಪೇಟೆಂಟ್ ಪಡೆದದ್ದು ಇದೇ ಕಾರಣಕ್ಕೆ. ಈ ಬಗೆಯ ಗಡಿಯಾರಗಳ ಏರ್ಪಾಡಿನಲ್ಲಿ ಗಸ್ತಿನ ದಾರಿಯುದ್ದಕ್ಕೂ ಬೇರೆ ಬೇರೆ ಗುರುತಿನ ಕೀಲಿಕೈಗಳನ್ನು ಸರಪಳಿ ಹಾಕಿ ಇರಿಸಲಾಗುತ್ತಿತ್ತು. ಅಲ್ಲಿಗೆ ಹೋಗಿ ಕೀಲಿಕೈಯನ್ನು ಗಡಿಯಾರದಲ್ಲಿ ತಿರುಗಿಸಿದರೆ ಒಳಗಿನ ಕಾಗದದ ಮೇಲೆ ಆ ಹೊತ್ತಿನ ಗುರುತು ಮೂಡುತ್ತಿತ್ತು. ಇಂದಿನ ಯಂತ್ರಗಳಲ್ಲಿ ಕೀಲಿಕೈಯ ಸ್ಥಾನಕ್ಕೆ ಟ್ಯಾಗ್ (ಗೋಡೆಗೆ ಅಂಟಿಸುವ ಪುಟ್ಟ ಎಲೆಕ್ಟ್ರಾನಿಕ್ ಬಿಲ್ಲೆ) ಬಂದಿದೆ, ಕಾಗದದ ಸ್ಥಾನಕ್ಕೆ ಸರ್ವರ್ (ದಾಖಲೆಗಳು ಹೋಗಿ ಸೇರುವ ಕಂಪ್ಯೂಟರ್) ಬಂದಿದೆ. ತರ್ಕ ಮಾತ್ರ ಅದೇ.

ಇವುಗಳಲ್ಲಿ ಕ್ಯೂಆರ್ ಕೋಡ್ ಅಗ್ಗವಾದದ್ದು, ಆದರೆ ದುರ್ಬಲವಾದದ್ದೂ ಅದೇ. ಗೋಡೆಗೆ ಅಂಟಿಸಿದ ಚೀಟಿಗಳ ಫೋಟೊ ತೆಗೆದಿಟ್ಟುಕೊಂಡವನು ಕುರ್ಚಿಯಿಂದ ಏಳದೆಯೇ ಎಲ್ಲವನ್ನೂ ಸ್ಕ್ಯಾನ್ ಮಾಡಬಲ್ಲ. ಜಿಪಿಎಸ್ ಬಯಲಿನಲ್ಲಿ, ಉದ್ದನೆಯ ಬೇಲಿಯ ಅಂಚಿನಲ್ಲಿ ಉಪಯೋಗಕ್ಕೆ ಬರುತ್ತದೆ; ಉಪಗ್ರಹದ ಸಂಕೇತವು ಚಾವಣಿಯ ಕೆಳಗೆ ಕ್ಷೀಣಿಸುವುದರಿಂದ ನೆಲಮಾಳಿಗೆಯಲ್ಲಿ ಅದನ್ನು ನಂಬುವಂತಿಲ್ಲ, ಕಾವಲುಗಾರನು ಯಾವ ಮಹಡಿಯಲ್ಲಿದ್ದಾನೆ ಎಂಬುದನ್ನೂ ಅದು ಖಚಿತವಾಗಿ ಹೇಳಲಾರದು. ಒಳಾಂಗಣಕ್ಕೆ ಆರ್‌ಎಫ್‌ಐಡಿ ಅಥವಾ ಎನ್‌ಎಫ್‌ಸಿ ಟ್ಯಾಗ್ ಒಳ್ಳೆಯದು; ಇವೆರಡೂ ರೇಡಿಯೊ ಸಂಕೇತದ ಮೂಲಕ ಟ್ಯಾಗಿನ ಗುರುತನ್ನು ಓದುವ ತಂತ್ರಗಳು. ಗಸ್ತಿಗೆ ಬಳಸುವ ಇಂಥ ಟ್ಯಾಗಿನೊಳಗೆ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಓದುವ ಯಂತ್ರವು ಹೊಮ್ಮಿಸುವ ಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಮೊಬೈಲ್‌ಗಳಲ್ಲಿರುವ ಎನ್‌ಎಫ್‌ಸಿ 13.56 ಮೆಗಾಹರ್ಟ್ಸ್‌ನಲ್ಲಿ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಕೆಲಸ ಮಾಡುವುದರಿಂದ ಕಾವಲುಗಾರನು ಟ್ಯಾಗಿನ ಬಳಿಗೆ ಹೋಗಲೇಬೇಕಾಗುತ್ತದೆ. ಹಾಗೆಂದು ಇದೂ ಅಭೇದ್ಯವಲ್ಲ: ಸಾದಾ ಟ್ಯಾಗಿನ ಸಂಖ್ಯೆಯನ್ನು ಇನ್ನೊಂದಕ್ಕೆ ನಕಲು ಮಾಡಬಹುದು, ಸಡಿಲವಾಗಿ ಅಂಟಿಸಿದ್ದರೆ ಟ್ಯಾಗನ್ನೇ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು.

ಆದ್ದರಿಂದ ಯಾವ ಯಂತ್ರ ಎನ್ನುವುದಕ್ಕಿಂತ, ಟ್ಯಾಗನ್ನು ಎಲ್ಲಿ ಕೂರಿಸುತ್ತೀರಿ ಮತ್ತು ಬಂದ ವರದಿಯನ್ನು ಯಾರು ಓದುತ್ತಾರೆ ಎಂಬುದು ಹೆಚ್ಚಿನ ಮಾತು. ಇಂಥ ಸಮಯಕ್ಕೆ ಇಂಥ ಟ್ಯಾಗನ್ನು ಮುಟ್ಟಲಾಯಿತು ಎಂದಷ್ಟೇ ಈ ವ್ಯವಸ್ಥೆ ಹೇಳುತ್ತದೆ. ಮುಟ್ಟಿದವನು ಸುತ್ತ ಕಣ್ಣಾಡಿಸಿದನೇ ಎಂದು ಹೇಳುವುದಿಲ್ಲ. ಪಂಪ್ ಕೊಠಡಿಯ ಹೊರಗೋಡೆಗೆ ಟ್ಯಾಗ್ ಅಂಟಿಸಿದರೆ ಕಾವಲುಗಾರನು ನಡೆಯುತ್ತಲೇ ಅದನ್ನು ಮುಟ್ಟಿ ಮುಂದೆ ಹೋಗುತ್ತಾನೆ. ಅದೇ ಟ್ಯಾಗನ್ನು ಒಳಗೆ, ಒತ್ತಡ ಮಾಪಕದ ಪಕ್ಕದಲ್ಲಿ ಕೂರಿಸಿ, ಮುಳ್ಳು ಎಷ್ಟನ್ನು ತೋರಿಸುತ್ತಿದೆ ಎಂದು ಆ್ಯಪಿನಲ್ಲಿ ನಮೂದಿಸುವಂತೆ ಮಾಡಿದರೆ, ಅವನು ಬಾಗಿಲು ತೆರೆಯಬೇಕು, ದೀಪ ಹಾಕಬೇಕು, ನೆಲದ ಮೇಲೆ ನೀರು ಸೋರಿದ್ದರೆ ಅದನ್ನು ತುಳಿದೇ ಹೋಗಬೇಕು. ಐವತ್ತು ಕಡೆ ಟ್ಯಾಗ್ ಅಂಟಿಸಿ ಕಾವಲುಗಾರನನ್ನು ಓಡಿಸುವ ಬದಲು ಇಂಥ ಹತ್ತು ಜಾಗಗಳನ್ನು ಯೋಚಿಸಿ ಆರಿಸುವುದು ಲೇಸು.

ವರದಿಯಲ್ಲಿ ಎಲ್ಲ ಸಾಲುಗಳೂ ಹಸಿರಾಗಿವೆಯೇ ಎಂದಷ್ಟೇ ನೋಡಬೇಡಿ, ಎರಡು ಟ್ಯಾಗುಗಳ ನಡುವಿನ ಸಮಯವನ್ನು ನೋಡಿ. ನಾನೂರು ಮೀಟರ್ ದೂರದ ಎರಡು ಟ್ಯಾಗುಗಳನ್ನು ಐವತ್ತು ಸೆಕೆಂಡುಗಳಲ್ಲಿ ಮುಟ್ಟಿದ ದಾಖಲೆಯಿದ್ದರೆ, ಒಂದೋ ನಿಮ್ಮ ಕಾವಲುಗಾರನು ಪಂದ್ಯದ ಓಟಗಾರನಾಗಿರಬೇಕು, ಇಲ್ಲವೇ ಟ್ಯಾಗ್ ಜಾಗ ಬದಲಿಸಿರಬೇಕು. ಪ್ರತಿ ರಾತ್ರಿಯೂ ನಿಮಿಷ ತಪ್ಪದೆ ಒಂದೇ ಕ್ರಮದಲ್ಲಿ ಬರುವ ದಾಖಲೆಯೂ ಒಳ್ಳೆಯ ಲಕ್ಷಣವಲ್ಲ. ಗಸ್ತಿನ ವೇಳೆ ಕಳ್ಳನಿಗೂ ತಿಳಿಯುವಷ್ಟು ನಿಯತವಾಗಿದ್ದರೆ ಅದರ ಅರ್ಧ ಪ್ರಯೋಜನ ಹೋದಂತೆ. ದಾರಿಯನ್ನೂ ಹೊತ್ತನ್ನೂ ಆಗಾಗ ಅದಲುಬದಲು ಮಾಡುವ ಸೌಲಭ್ಯವಿರುವ ತಂತ್ರಾಂಶವನ್ನೇ ಕೇಳಿ ಪಡೆಯಿರಿ. ಮೊಬೈಲಿನ ಗಡಿಯಾರವನ್ನು ಯಾರು ಬೇಕಾದರೂ ಹಿಂದೆ ಮುಂದೆ ಮಾಡಬಹುದಾದ್ದರಿಂದ, ದಾಖಲಾದ ಸಮಯದ ಜೊತೆಗೆ ಅದು ಸರ್ವರ್‌ಗೆ ತಲುಪಿದ ಸಮಯವನ್ನೂ ತೋರಿಸುತ್ತದೆಯೇ ಎಂದು ಕೊಳ್ಳುವ ಮುನ್ನ ವಿಚಾರಿಸಿ.

ಪ್ರಶ್ನೆ: ನಾನು ಸೆಕ್ಯೂರಿಟಿ ಗಾರ್ಡ್. ನನ್ನ ಸ್ವಂತ ಮೊಬೈಲಿನಲ್ಲಿಯೇ ಗಸ್ತಿನ ಆ್ಯಪ್ ಹಾಕಿಸಿದ್ದಾರೆ. ಪಾಳಿ ಮುಗಿದ ಮೇಲೂ ನಾನು ಎಲ್ಲಿದ್ದೇನೆಂದು ಅವರಿಗೆ ತಿಳಿಯುತ್ತದೆಯೇ? ಗೇಟಿನಲ್ಲಿ ಗಲಾಟೆಯಾಗಿ ಸುತ್ತು ತಪ್ಪಿದರೂ ಅದನ್ನು ಗೈರು ಎಂದೇ ಬರೆಯುತ್ತಾರೆ.

ಉತ್ತರ: ಟ್ಯಾಗ್ ಮುಟ್ಟಿದ್ದನ್ನಷ್ಟೇ ದಾಖಲಿಸುವ ಆ್ಯಪ್ ಆಗಿದ್ದರೆ ತಿಳಿಯುವುದಿಲ್ಲ. ಸ್ಥಳದ ಅನುಮತಿಯನ್ನು ‘ಸದಾಕಾಲ’ ಎಂದು ಪಡೆದಿದ್ದರೆ ತಿಳಿಯುವ ಸಾಧ್ಯತೆ ಇದೆ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಅದನ್ನು ‘ಆ್ಯಪ್ ಬಳಸುವಾಗ ಮಾತ್ರ’ ಎಂದು ಬದಲಿಸಿ; ಆದರೆ ಮೇಲ್ವಿಚಾರಕರಿಗೆ ತಿಳಿಸಿಯೇ ಹಾಗೆ ಮಾಡಿ. ಗಸ್ತಿಗೆ ಪ್ರತ್ಯೇಕ ಉಪಕರಣ ಕೊಡುವುದು ಮಾಲೀಕರ ಹೊಣೆ ಎಂಬುದು ನನ್ನ ಅಭಿಪ್ರಾಯ. ಗಲಾಟೆಯ ವಿಚಾರದಲ್ಲಿ ನ್ಯಾಯ ನಿಮ್ಮ ಕಡೆಗಿದೆ: ಗೇಟು ಬಿಟ್ಟು ಟ್ಯಾಗ್ ಮುಟ್ಟಲು ಹೋಗುವವನು ಕಾವಲುಗಾರನೇ ಅಲ್ಲ. ಇಂಥ ಹಲವು ಆ್ಯಪ್‌ಗಳಲ್ಲಿ ಘಟನೆಯ ವಿವರ ಮತ್ತು ಫೋಟೊ ಸೇರಿಸಲು ಅವಕಾಶವಿರುತ್ತದೆ. ಪರಿಸ್ಥಿತಿ ತಿಳಿಯಾದ ಕೂಡಲೇ ಅದನ್ನು ತುಂಬಿಸಿಡಿ. ಆಗ ತಪ್ಪಿದ ಸುತ್ತಿಗೆ ಕಾರಣವೂ ಅದೇ ದಾಖಲೆಯಲ್ಲಿ ಉಳಿಯುತ್ತದೆ.

ಪ್ರಶ್ನೆ: ಕಬ್ಬಿಣದ ಬಾಗಿಲಿಗೆ ಅಂಟಿಸಿದ ಟ್ಯಾಗ್ ಮಾತ್ರ ಓದುವುದೇ ಇಲ್ಲ. ಏಕೆ?

ಉತ್ತರ: ಲೋಹವು ಓದುವ ಯಂತ್ರದ ಕ್ಷೇತ್ರವನ್ನು ಕೆಡಿಸುತ್ತದೆ. ಹಿಂಬದಿಗೆ ಫೆರೈಟ್ (ಕಾಂತೀಯ ಗುಣವುಳ್ಳ ಒಂದು ವಸ್ತು) ಪದರವಿರುವ, ಲೋಹದ ಮೇಲೆ ಹಚ್ಚಲೆಂದೇ ತಯಾರಾದ ಟ್ಯಾಗುಗಳು ದೊರೆಯುತ್ತವೆ. ಅದು ಸಿಗುವವರೆಗೆ ಪಕ್ಕದ ಗೋಡೆಗೆ ಅಂಟಿಸಿ.