ಎರಡು ವಾರದ ಶಿಬಿರದಲ್ಲಿ ಮಗಳು ಕಲಿಯುವುದೇನು?

ನಮಸ್ಕಾರ. ನ್ಯೂಜೆರ್ಸಿಯಲ್ಲಿರುವ ತಾವು, ಒಂಬತ್ತು ವರ್ಷದ ಮಗಳನ್ನು ಎರಡು ವಾರ ಪಕ್ಕದ ಪೆನ್ಸಿಲ್ವೇನಿಯಾದ ಪೊಕೊನೋಸ್ ಬೆಟ್ಟಗಳ ಬೇಸಿಗೆ ಶಿಬಿರಕ್ಕೆ ಕಳುಹಿಸಿದರೆ ಆಟದ ಹೊರತಾಗಿ ಆಕೆ ಕಲಿಯುವುದೇನು ಎಂದು ಕೇಳಿದ್ದೀರಿ.

ಕನೆಕ್ಟಿಕಟ್‌ನ ಶಿಕ್ಷಕ ಫ್ರೆಡರಿಕ್ ಗನ್ 1861ರಲ್ಲಿ ತಮ್ಮ ವಿದ್ಯಾರ್ಥಿಗಳನ್ನು ನಡೆಸಿಕೊಂಡು ಹೋಗಿ ಕಡಲತೀರದಲ್ಲಿ ಡೇರೆ ಹಾಕಿಸಿದ ಕಾಲದಿಂದಲೂ ಅಮೆರಿಕದ ಬೇಸಿಗೆ ಶಿಬಿರಗಳಲ್ಲಿ ಆಟ ಮತ್ತು ಕಲಿಕೆ ಬೆರೆತೇ ಇವೆ. ಕೆರೆಯ ಈಜನ್ನೇ ನೋಡಿ: ಮೊದಲು ಈಜಿನ ಪರೀಕ್ಷೆ ನಡೆಯುತ್ತದೆ, ಆಮೇಲೆ ಪ್ರತಿ ಮಗುವಿಗೂ ಒಬ್ಬ ಜೊತೆಗಾರರು ಗೊತ್ತಾಗಿ, ನೀರಿಗಿಳಿಯುವ ಮುನ್ನ ಹೆಸರಿನ ಬಿಲ್ಲೆಯನ್ನು ಹಲಗೆಗೆ ತೂಗುಹಾಕುತ್ತಾರೆ, ಸೀಟಿ ಊದಿದೊಡನೆ ಜೋಡಿಗಳು ಕೈಹಿಡಿದು ಮೇಲೆತ್ತಿ ಲೆಕ್ಕ ಕೊಡಬೇಕು. ಇನ್ನೊಬ್ಬರ ಜೀವದ ಹೊಣೆ ತನಗೂ ಇದೆ ಎಂಬ ಅರಿವು ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಅಲ್ಲಿ ಮೂಡುತ್ತದೆ. ಹಾಸಿಗೆ ಮಡಿಸುವುದು, ಕೋಣೆ ಗುಡಿಸುವುದು ಹೇಗೂ ಸರದಿಯಂತೆ ಬರುತ್ತವೆ (ಮನೆಯಲ್ಲೂ ಅದು ಮುಂದುವರಿಯುತ್ತದೆಂದು ನಂಬಬೇಡಿ).

ಮೊದಲ ದಿನಗಳಲ್ಲಿ ಮನೆಯ ನೆನಪು ಕಾಡುವುದು ಸಹಜ. ಹಲವು ಶಿಬಿರಗಳಲ್ಲಿ ಫೋನಿಗೆ ಅವಕಾಶವಿಲ್ಲದಿರುವುದರಿಂದ ಮಕ್ಕಳು ಕಾಗದ ಬರೆಯುತ್ತಾರೆ. "ಬೇಜಾರಾದರೆ ಬಂದು ಕರೆದುಕೊಂಡು ಹೋಗುತ್ತೇವೆ" ಎಂಬ ಮಾತನ್ನು ಮಾತ್ರ ಮೊದಲೇ ಕೊಡಬೇಡಿ; ಅದು ಮಗುವಿಗೆ ಹೊಂದಿಕೊಳ್ಳುವ ಮನಸ್ಸನ್ನೇ ಉಳಿಸುವುದಿಲ್ಲ.

ತಾವು ಸಸ್ಯಾಹಾರಿಗಳೆಂದು ಬರೆದಿರುವುದರಿಂದ ಇನ್ನೊಂದು ವಿಷಯ: ರಾತ್ರಿ ಬೆಂಕಿಯ ಸುತ್ತ ಕುಳಿತು ಸುಟ್ಟು ತಿನ್ನುವ ಸಾಮಾನ್ಯ ಮಾರ್ಷ್‌ಮೆಲೋ ಎಂಬ ಮೆತ್ತನೆಯ ಸಿಹಿತಿನಿಸಿನಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಜೆಲಟಿನ್ ಇಲ್ಲದ ಬಗೆಯೂ ಸಿಗುವುದರಿಂದ ಅದನ್ನು ತರಿಸುವಂತೆ ಶಿಬಿರದ ಕಚೇರಿಗೆ ಮುಂಚಿತವಾಗಿ ಬರೆದು ತಿಳಿಸಿ.