ಟೆಲಿಸ್ಕೋಪ್ ಇಲ್ದೆ, ಕಿಟ್ ಇಲ್ದೆ 7ನೇ ಕ್ಲಾಸಿನವ್ರಿಗೆ ಸ್ಪೇಸ್ ಪ್ರಾಜೆಕ್ಟ್ ಮಾಡ್ಸೋದು ಹ್ಯಾಂಗ?

ನೀವು ಯಾದಗಿರಿ ಕಡಿ ಸರ್ಕಾರಿ ಸಾಲಿ, ರೊಕ್ಕ ಇಲ್ಲ, ರಾಕೆಟ್ ಕಿಟ್ ತರ್ಲಿಕ್ಕೆ ಆಗಂಗಿಲ್ಲ ಅಂತ ಬರ್ದೀರಿ. ಬ್ಯಾಡ ಬಿಡ್ರಿ, ಕಿಟ್ ಬಂದ್ರೂ ಒಂದಿನ ಹಾರ್ತದ, ಚಪ್ಪಾಳಿ ಬೀಳ್ತದ, ಲೆಕ್ಕ ಯಾರೂ ಮಾಡಂಗಿಲ್ಲ. ನಾ ಕಲಬುರಗಿ ಒಳಗ ಮಕ್ಕಳಿಗೆ ಗಣಿತ ಹೇಳ್ತೀನ್ರಿ, ನನ್ನ ಕೇಳಿದ್ರ ನೆರಳಿನಿಂದ ಶುರು ಮಾಡ್ರಿ ಅಂತೀನಿ, ಬಿಸಿಲಿಗಿ ನಮ್ ಕಡಿ ಏನ್ ಬರ ಅದ?

ಡಿಸೆಂಬರ್ 21ರ ಸುಮಾರಿಗಿ 1 ಮೀಟರಿನ ನೆಟ್ಟಗಿನ ಕೋಲು ಗ್ರೌಂಡಿನ್ಯಾಗ ಹುಗೀರಿ. 12ರಿಂದ 12:40ರ ತನಕ ಐದೈದು ನಿಮಿಷಕ್ಕ ನೆರಳಿನ ತುದಿಗಿ ಗುರುತು ಹಾಕಸ್ರಿ. ಹುಡುಗ್ರು 12ಕ್ಕೇ ಸಣ್ಣ ನೆರಳು ಬರ್ತದ ಅಂತ ಪಂದ್ಯ ಕಟ್ತಾರ, ಆದ್ರ ಬರೋದು 12:20ರ ಆಸುಪಾಸು, ಯಾಕಂದ್ರ ನಮ್ಮ ಗಡಿಯಾರ ನಡಿಯೋದು 82.5 ಡಿಗ್ರಿ ರೇಖಾಂಶದ ಮ್ಯಾಗ, ಯಾದಗಿರಿ ಇರೋದು 77ರ ಹತ್ರ, ಡಿಗ್ರಿಗಿ 4 ನಿಮಿಷ ಲೆಕ್ಕ ಹಾಕ್ರಿ ಅಂದ್ರ ತಾವೇ ಹಾಕ್ತಾರ.

ಈಗ ಖರೆ ಮಜಾ. ನಿಮ್ಮೂರಿನ ಎಷ್ಟೋ ಮಕ್ಕಳ ಅಪ್ಪ, ಅಣ್ಣ ಬೆಂಗಳೂರಿಗಿ ಗೌಂಡಿ ಕೆಲಸಕ್ಕ ಹೋಗಿರ್ತಾರಲ್ರಿ, ಅವ್ರಿಗಿ ಫೋನ್ ಹಚ್ಚಿ ಅದೇ ದಿನ ಅಲ್ಲೂ 1 ಮೀಟರ್ ಕೋಲಿನ ಎಲ್ಲಕ್ಕಿಂತ ಸಣ್ಣ ನೆರಳು ಅಳದು ವಾಟ್ಸಾಪ್ ಮಾಡ್ರಿ ಅನ್ರಿ. ಎರಡೂ ಊರು ಹೆಚ್ಚುಕಮ್ಮಿ ಒಂದೇ ರೇಖಾಂಶದ ಮ್ಯಾಗ ಅವ, ಅದಕ್ಕೇ ಈ ಆಟ ನಡೀತದ. ಡಿಸೆಂಬರ್ 21ರ ಸುಮಾರಿಗಿ ನಿಮ್ಮಲ್ಲಿ ನೆರಳು 84 ಸೆಂ.ಮೀ. ಹತ್ರ ಬರ್ಬೇಕು, ಅಲ್ಲಿ 74. ಟ್ಯಾನ್ ಗೀನ್ ಬ್ಯಾಡ, ಗ್ರಾಫ್ ಹಾಳಿ ಮ್ಯಾಗ ಕೋಲು 10 ಸೆಂ.ಮೀ., ನೆರಳು 8.4 ಅಂತ ತ್ರಿಕೋನ ತಗದು ಕೋಲಿನ ತುದಿಯ ಕೋನಕ್ಕ ಕೋನಮಾಪಕ ಇಟ್ರ ಆಯ್ತು, ಬೆಂಗಳೂರಿಂದೂ ಹಂಗೇ. ಎರಡು ಕೋನದ ವ್ಯತ್ಯಾಸ 4 ಡಿಗ್ರಿಗಿಂತ ಚೂರು ಕಡಿಮಿ ಬರ್ತದ. ಮ್ಯಾಪಿನ ಸ್ಕೇಲ್ ಹಿಡಿದು ಉತ್ತರ-ದಕ್ಷಿಣ ನೇರ ಅಳದ್ರ 420 ಕಿ.ಮೀ. ಆಸುಪಾಸು, ಬಸ್ಸಿನ ದಾರಿ ಕಿ.ಮೀ. ಹಾಕಬ್ಯಾಡ್ರಿ ಮತ್ತ. 3.8 ಡಿಗ್ರಿಗಿ 420 ಆದ್ರ ಭೂಮಿಯ ಪೂರ್ತಿ ಸುತ್ತು, ಅಂದ್ರ 360 ಡಿಗ್ರಿಗಿ ಎಷ್ಟು? ತ್ರೈರಾಶಿ ಅಷ್ಟೇ, ಭೂಮಿ ಸುತ್ತಳತಿ 40 ಸಾವಿರ ಕಿ.ಮೀ. ಹತ್ರ ಬರ್ತದ. ಎರಡು ಸಾವಿರ ವರ್ಷಕ್ಕಿಂತ ಹಿಂದ ಎರಾಟೊಸ್ತನೀಸ್ ಅನ್ನೋ ಗ್ರೀಕ್ ಪಂಡಿತ ಈಜಿಪ್ಟಿನ್ಯಾಗ ಮಾಡಿದ್ದು ಇದನ್ನೇ.

ಉತ್ತರ 35 ಸಾವಿರ ಇಲ್ಲಾ 46 ಸಾವಿರ ಬಂದ್ರೂ ಬೈಬ್ಯಾಡ್ರಿ, ಕೋನದಾಗ ಅರ್ಧ ಡಿಗ್ರಿ ತಪ್ಪಿದ್ರ ಅಷ್ಟು ಹೋಗ್ತದ, ಎಲ್ಲಿ ತಪ್ಪೀತು ಅಂತ ಹುಡುಕೋದ್ರಾಗೇ ಅರ್ಧ ವಿಜ್ಞಾನ ಅದ. ಬ್ಯಾಸಗಿಗಿ ಮಾಡಿದ್ರ ನೆರಳು ಗಿಡ್ಡ ಇರ್ತದ, ಕೋಲಿನ ಬುಡದಾಗೇ ಅಳೀಬೇಕಾಗ್ತದ, ಅದಕ್ಕ ಡಿಸೆಂಬರ್ ಅಂದೆ. ಶೂನ್ಯ ನೆರಳಿನ ದಿನ, ಅಂದ್ರ ಮಧ್ಯಾಹ್ನ ಸೂರ್ಯ ನೆತ್ತಿ ಮ್ಯಾಗ ಬಂದು ಕೋಲಿನ ನೆರಳೇ ಬೀಳದ ದಿನ, ನಿಮ್ಮಲ್ಲಿ ಮೇ ಮೊದಲ ವಾರದ ಕೊನಿಗಿ ಬರ್ತದ, ಆವಾಗ ಸಾಲಿ ಸೂಟಿ. ಆಗಸ್ಟ್ 5ರ ಸುಮಾರಿಗಿ ಮತ್ತ ಬರ್ತದ, ಮೋಡ ಬಿಟ್ರ ನೋಡ್ರಿ.

ಆಮ್ಯಾಲ ಬೇಕಂದ್ರ ತೊಗರಿ ಕಾಳು ಭೂಮಿ, ಸಾಸಿವಿ ಕಾಳು ಚಂದ್ರ ಮಾಡ್ರಿ, ನಡುವ 18 ಸೆಂ.ಮೀ. ಸೂರ್ಯ 65 ಸೆಂ.ಮೀ. ಅಗಲ, 70 ಮೀಟರ್ ದೂರ, ಗ್ರೌಂಡ್ ಸಾಲ್ತದೋ ಇಲ್ಲೋ ಹುಡುಗ್ರೇ ಹೇಳ್ಲಿ. ಕಲಬುರಗಿಗಿ ಟ್ರಿಪ್ ಬಂದ್ರ ಜಿಲ್ಲಾ ವಿಜ್ಞಾನ ಕೇಂದ್ರ ತೋರಸ್ರಿ.

ಹಾಂ, ಸೂರ್ಯನ್ನ ನೇರ ನೋಡಬ್ಯಾಡ್ರಿ ಅಂತ ಮೊದಲೇ ಹೇಳ್ರಿ. ಮತ್ತ ಕೋಲು ವಾಲಿದ್ರ ಎಲ್ಲಾ ಲೆಕ್ಕ ಕೆಡ್ತದ, ಗೌಂಡಿಯವ್ರ ಕಡಿ ದಾರಕ್ಕ ಕಟ್ಟಿದ ಗುಂಡು ಇರ್ತದಲ್ಲ, ಅದು ಬಿಟ್ಟು ನೋಡ್ರಿ, ಬೆಂಗಳೂರಿನವ್ರಿಗೂ ಅದನ್ನೇ ಹೇಳ್ರಿ, ಆ ಕೆಲಸ ನಮಗಿಂತ ಅವ್ರಿಗೇ ಚಂದ ಬರ್ತದ.