ಹಿತ್ತಲಿಗೆ ಹಕ್ಕಿ ಬರಬೇಕಾದರೆ ಅನ್ನದ ತಟ್ಟೆ ಸಾಲದು

ಪ್ರಶ್ನೆ: ವಿರಾಜಪೇಟೆ ಹತ್ತಿರ ಹೊಸ ಮನೆ ಕಟ್ಟಿದ್ದೇವೆ. ಹಿತ್ತಲಲ್ಲಿದ್ದ ಪೊದೆ, ಕಾಡುಗಿಡ ಎಲ್ಲ ತೆಗೆಸಿ ಹುಲ್ಲುಹಾಸು ಮಾಡಿಸಿದೆವು. ಹಕ್ಕಿ ಬರಲಿ ಅಂತ ದಿನಾ ಅನ್ನ, ಅಕ್ಕಿ ಇಡುತ್ತೇನೆ. ಬರೋದು ಕಾಗೆ, ಅಳಿಲು ಮಾತ್ರ, ಈಗ ಕೋತಿಗಳೂ ಶುರು. ಪಕ್ಕದ ಕಾಫಿ ತೋಟದಲ್ಲಿ ಮಾತ್ರ ಬೆಳಗಾದರೆ ಎಷ್ಟೊಂದು ಹಕ್ಕಿ! ಏನು ಮಾಡಲಿ?

ಉತ್ತರ: ಮೊದಲು ಆ ಅನ್ನದ ತಟ್ಟೆ ಎತ್ತಿಡಿ. ನೀವು ಆಸೆಪಡೋ ಹಕ್ಕಿಗಳಲ್ಲಿ ಹೆಚ್ಚಿನವು ಅನ್ನ, ಅಕ್ಕಿ ತಿನ್ನೋದೇ ಇಲ್ಲ. ಪಿಕಳಾರ, ಕುಟ್ರು ಹಕ್ಕಿಗೆ ಹಣ್ಣು ಬೇಕು, ಸೂರಕ್ಕಿಗೆ ಹೂವಿನ ಮಕರಂದ, ಕಾಜಾಣ ಮತ್ತು ಮಡಿವಾಳ ಹಕ್ಕಿಗೆ ಹುಳು. ಇವು ಪಕ್ಕದ ತೋಟದಲ್ಲಿ ಸಿಗುತ್ತವೆ, ನಿಮ್ಮ ಹುಲ್ಲುಹಾಸಿನಲ್ಲಿ ಸಿಗಲ್ಲ, ಅಷ್ಟೇ ವ್ಯತ್ಯಾಸ.

ಬೇಲಿ ಬದಿಯಲ್ಲಿ ದಾಸವಾಳ, ಕೇಪಳ ಹಾಕಿ, ಒಂದಕ್ಕೊಂದು ತಾಗುವಷ್ಟು ಒತ್ತಾಗಿ ಬೆಳೆಯಲಿ. ಹೂವಿಗೆ ಸೂರಕ್ಕಿ ಬರುತ್ತೆ, ಪೊದೆ ದಟ್ಟವಾದರೆ ಪಿಕಳಾರ ಅದರೊಳಗೇ ಗೂಡು ಕಟ್ಟುತ್ತೆ. ತೋಟದಲ್ಲಿ ನೆರಳಿಗೆ ಹಾಕೋ ಹಾಲುವಾಣವನ್ನೇ ಒಂದು ಮೂಲೆಯಲ್ಲಿ ನೆಡಿ, ಬೇಸಿಗೆ ಶುರುವಾಗೋ ಹೊತ್ತಿಗೆ ಎಲೆ ಉದುರಿಸಿ ಕೆಂಪು ಹೂ ಬಿಟ್ಟಾಗ ಕಾಜಾಣ, ಮೈನಾ, ಎಲೆಹಕ್ಕಿ ಎಲ್ಲ ಒಟ್ಟಿಗೇ ಮುತ್ತುತ್ತವೆ. ಬೇಗ ಹಣ್ಣು ಬೇಕಂದ್ರೆ ಗಸಗಸೆ ಹಣ್ಣಿನ ಮರ. ಜಾಗ ಜಾಸ್ತಿ ಇದ್ದರೆ ಅತ್ತಿ ಅಥವಾ ಬಸರಿ ಹಾಕಿ, ಆದರೆ ಮನೆ ಗೋಡೆಯಿಂದ ದೂರ, ಬೇರು ತೊಂದರೆ ಕೊಡುತ್ತೆ. ಸಿಲ್ವರ್ ಓಕ್ ಹಾಕಬೇಡಿ ಅಂತಲ್ಲ, ಹೂವಿದ್ದಾಗ ಹಕ್ಕಿ ಬರುತ್ತವೆ, ಆದರೆ ತಿನ್ನೋ ಹಣ್ಣು ಅದರಲ್ಲಿಲ್ಲ.

ಒಣಗಿದ ಮರ ಇದ್ದರೆ, ಮನೆ ಮೇಲೆ ಬೀಳೋ ಭಯ ಇಲ್ಲ ಅಂದರೆ, ದಯವಿಟ್ಟು ಕಡಿಸಬೇಡಿ. ಕುಟ್ರು ಹಕ್ಕಿ ಒಣ ಕೊಂಬೆಯಲ್ಲೇ ತೂತು ಕೊರೆದು ಮರಿ ಮಾಡೋದು. ಅದು ಬಿಟ್ಟುಹೋದ ತೂತಿಗೆ ಆಮೇಲೆ ಮಡಿವಾಳ ಹಕ್ಕಿ ಬಂದು ಸೇರಬಹುದು. ಬಿದ್ದ ಎಲೆಗಳನ್ನೂ ಒಂದು ಕಡೆ ಹಾಗೇ ಬಿಡಿ. ಚಳಿಗಾಲದಲ್ಲಿ ನಮ್ಮ ಕಡೆಗೆ ಬರೋ ನವರಂಗ ಹಕ್ಕಿ ಆ ತರಗೆಲೆ ಕೆದಕಿಯೇ ಹುಳು ಹುಡುಕೋದು.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಕಳೆನಾಶಕ, ಕೀಟನಾಶಕ ಹೊಡೆಯಬೇಡಿ. ಹಣ್ಣು ತಿನ್ನೋ ಪಿಕಳಾರ, ಮಕರಂದ ಹೀರೋ ಸೂರಕ್ಕಿ ಕೂಡ ಮರಿಗಳಿಗೆ ಕೊಡೋದು ಹೆಚ್ಚಾಗಿ ಹುಳುವನ್ನೇ. ಹುಳು ಸತ್ತ ಹಿತ್ತಲಲ್ಲಿ ಮರಿ ಬದುಕೋದು ಹೇಗೆ ಹೇಳಿ?

ಜನವರಿಯಿಂದ ಮೇ ತನಕ ನೀರಿಡಿ. ಅಗಲವಾದ ಮಣ್ಣಿನ ತಟ್ಟೆ, 2 ಇಂಚಿಗಿಂತ ಆಳ ಬೇಡ, ಮಧ್ಯೆ ಒಂದು ಕಲ್ಲು. ಬೆಕ್ಕು ಹಾರಲಾಗದ ಎತ್ತರದಲ್ಲಿಡಿ, ದಿನಾ ತೊಳೆದು ನೀರು ಬದಲಿಸಿ, ಇಲ್ಲಾಂದ್ರೆ ಸೊಳ್ಳೆ. ತಿನ್ನಲು ಏನಾದರೂ ಕೊಡಲೇಬೇಕು ಅನಿಸಿದರೆ ಬೆಳಿಗ್ಗೆ ಮಾಗಿದ ಬಾಳೆಹಣ್ಣಿನ ಅರ್ಧ ಭಾಗ ಕೊಂಬೆಗೆ ಸಿಕ್ಕಿಸಿ. ಕೋತಿಗಳು ಅದನ್ನೂ ಹುಡುಕಿ ಬಂದರೆ ನಿಲ್ಲಿಸಿಬಿಡಿ, ನೀರು, ಗಿಡ ಇದ್ದರೆ ಸಾಕು.

ಪ್ರಶ್ನೆ: ಮಡಿಕೇರಿಯಲ್ಲಿ ನಮ್ಮ ಮನೆ. ಸೂರಕ್ಕಿಯೊಂದು ಸ್ಕೂಟರ್ ಕನ್ನಡಿಗೆ ದಿನವಿಡೀ ಕುಕ್ಕುತ್ತೆ. ಹುಚ್ಚು ಹಿಡಿದಿದೆಯಾ?

ಉತ್ತರ: ಇಲ್ಲ. ಮರಿ ಮಾಡೋ ಕಾಲದಲ್ಲಿ ಗಂಡು ತನ್ನ ಜಾಗಕ್ಕೆ ಬೇರೆ ಗಂಡನ್ನು ಬಿಡಲ್ಲ. ಕನ್ನಡಿಯಲ್ಲಿ ಕಾಣೋದು ಇನ್ನೊಂದು ಗಂಡು ಅಂದುಕೊಂಡು ಜಗಳಕ್ಕೆ ನಿಂತಿದೆ. ಸುಮ್ನೆ ಸುಸ್ತಾಗುತ್ತೆ ಪಾಪ. ಗಾಡಿ ನಿಲ್ಲಿಸಿದ ತಕ್ಷಣ ಕನ್ನಡಿಗೆ ಹಳೇ ಬಟ್ಟೆಯ ಚೀಲ ಹಾಕಿ ಕಟ್ಟಿ. ಅಕ್ಕಪಕ್ಕದ ಗಿಡದಲ್ಲಿ ಜೋಲಾಡೋ ಗೂಡು ಇರಬಹುದು, ಮರಿ ಹಾರಿಹೋಗೋ ತನಕ ಆ ಕೊಂಬೆ ಸವರಬೇಡಿ.